ಪಿಂಗಾಣಿಯ ಹಲ್ಲೂ ಸಿಮೆಂಟಿನ ಬಣ್ಣವೂ

ಸ್ಫಟಿಕದ ಬಳಿಯಲ್ಲಿ ಕೆಂಪು ದಾಸವಾಳವನ್ನಿರಿಸಿದರೆ ಸ್ಫಟಿಕವೇ ಕೆಂಪಾದಂತೆ ತೋರುವದು. ಆ ಹೂವನ್ನು ಶಾಸ್ತ್ರಕಾರರು ಉಪಾಧಿಯೆಂದು ಕರೆದಿರುವರು. ಈ ದೃಷ್ಟಾಂತವನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟ ನಾವು ಅದನ್ನು ಕಣ್ಣಾರೆ ಕಂಡುದು ಮಾತ್ರ ದಂತವೈದ್ಯರ ಕೋಣೆಯಲ್ಲಿ. ಆ ಅನುಭವವು ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುವೆವು.

ನಮ್ಮ ಕಿರಿಯ ಮಗಳು ಎಳವೆಯಲ್ಲಿ ಗುತ್ತಲದ ಬೀದಿಯಲ್ಲಿ ಸೈಕಲ್ಲಿನಿಂದ ಬಿದ್ದಳು. ಮುಂದಿನ ಹಲ್ಲೊಂದಕ್ಕೆ ಪೆಟ್ಟು ತಗಲಿ ಒಳಗಿನ ನರವು ಸತ್ತಿತು; ವೈದ್ಯರು ಅದನ್ನು ತೆಗೆದು ಬೇರನ್ನು ತುಂಬಿದರೂ ಹಲ್ಲು ಬರಬರುತ್ತ ಬೂದುಬಣ್ಣಕ್ಕೆ ತಿರುಗಿತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವದು ಅವಳಿಗೆ ರೂಢಿಯಾಯಿತು. ದೊಡ್ಡವಳಾದ ಮೇಲೆ ಪರಸ್ಥಳದಲ್ಲಿ ಆ ಹಲ್ಲಿನ ಮುಖವನ್ನು ತುಸು ಅರೆಯಿಸಿ ಪಿಂಗಾಣಿಯ ತೆಳುಪದರನ್ನು ಅಂಟಿಸಿದ್ದಾಯಿತು. ಅಂಗೈಯಲ್ಲಿದ್ದಾಗ ಆ ಪದರು ನೆರೆಯ ಹಲ್ಲಿನ ಬಣ್ಣವನ್ನೇ ಹೋಲುತ್ತಿದ್ದಿತು. ಅಂಟಿಸಿದ ಮೇಲೆ ನೋಡಿದರೆ ಹಳೆಯ ಬೂದುಛಾಯೆಯೇ ಮತ್ತೆ ಇಣಿಕುತ್ತಿದ್ದಿತು. "ಇರಲಿ ಬಿಡ್ರಿ, ಅಪ್ಪಾ" ಎಂದು ಮಗಳು ಕನ್ನಡಿಯನ್ನು ಕೆಳಗಿಟ್ಟಳು. ಹಣ ಹೋದುದಕ್ಕಿಂತ ಆ ಮಾತೇ ನಮಗೆ ಹೆಚ್ಚು ನೋವನ್ನು ಕೊಟ್ಟಿತು.

ಇದರ ಕಾರಣವನ್ನು ಆ ಮೇಲೆ ಮತ್ತೊಬ್ಬ ವೈದ್ಯರು ತಿಳಿಸಿದರು. ಒಳ್ಳೆಯ ಪಿಂಗಾಣಿಯು ನಿಜವಾದ ಹಲ್ಲಿನಂತೆಯೇ ಬೆಳಕನ್ನು ಒಳಕ್ಕೆ ಬಿಡುವದು; ಅದರ ಚೆಲುವು ಇರುವದು ಇದರಲ್ಲಿಯೇ. ಒಳಹೊಕ್ಕ ಬೆಳಕು ಸಿಮೆಂಟನ್ನೂ ಅದರಡಿಯ ಹಲ್ಲನ್ನೂ ಮುಟ್ಟಿ ಹಿಂದಿರುಗುವದರಿಂದ ನಮ್ಮ ಕಣ್ಣಿಗೆ ಬೀಳುವದು ಮೂರೂ ಕೂಡಿದ ಬಣ್ಣ. ಪದರು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿದ್ದರೆ ಒಳಗಿನ ಬಣ್ಣವು ಸುಲಭವಾಗಿ ಹೊರಗೆ ತೋರುವದು. ದಪ್ಪವು 2 ಮಿಲಿಮೀಟರಿನ ಸಮೀಪಕ್ಕೆ ಬಂದರೆ ಬಹಳ ಮಟ್ಟಿಗೆ ಅಡಗುವದು. ಒಳಗೆ ಲೋಹವಿರುವ ಕ್ಯಾಪಿಗೆ ಈ ಚಿಂತೆಯಿಲ್ಲ, ಲೋಹವು ಬೆಳಕನ್ನೇ ತಡೆಯುವದು.

ಸಿಮೆಂಟುಗಳಲ್ಲಿಯೂ ಭೇದವುಂಟು. ನೂರು ವರ್ಷಕ್ಕೂ ಹಳೆಯದಾದ ಜಿಂಕ್ ಫಾಸ್ಫೇಟ್ ಸಿಮೆಂಟಿನಲ್ಲಿ ಬೆಳಕು ಹಾಯದು. ಈಗಿನ ರೆಸಿನ್ ಸಿಮೆಂಟುಗಳು ತಿಳಿಯಾದವು, ಬಿಳಿಯವು, ಹಳದಿಛಾಯೆಯವು ಎಂದು ಹಲವು ಬಗೆಯಾಗಿ ದೊರೆಯುವವು. ಅಡಿಯ ಹಲ್ಲು ಶುಭ್ರವಾಗಿದ್ದರೆ ತಿಳಿಯಾದುದು ಸಾಕು. ಹಲ್ಲು ಕಪ್ಪಾಗಿದ್ದರೆ ಬಿಳಿಯ ಸಿಮೆಂಟು ತುಸು ನೆರವಾಗುವದು. ಆದರೆ ಸಿಮೆಂಟಿನ ಪೊರೆಯು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗೂ ಕಡಿಮೆಯಾದುದರಿಂದ ಕಡುಕಪ್ಪನ್ನು ಅದೊಂದೇ ಮುಚ್ಚಲಾರದು. ಬಿಳುಪು ಅತಿಯಾದರೆ ಹಲ್ಲು ಸುಣ್ಣದ ಕಡ್ಡಿಯಂತೆ ನಿರ್ಜೀವವಾಗಿ ತೋರುವದು.

ಕಾಲಾಂತರದ ಮಾತೂ ಒಂದುಂಟು. ಬೆಳಕಿನಿಂದಲೂ ತನ್ನಷ್ಟಕ್ಕೆ ತಾನೂ ಗಟ್ಟಿಯಾಗುವ ಸಿಮೆಂಟುಗಳಲ್ಲಿ ಅಮೈನ್ ಎಂಬ ದ್ರವ್ಯವು ಬೆರೆತಿದ್ದರೆ ಅವು ವರ್ಷಗಳು ಕಳೆದಂತೆ ಹಳದಿಯಾಗಬಹುದು. ಬೆಳಕು ತಲುಪದ ದಪ್ಪ ಕ್ಯಾಪಿಗೆ ಅಂಥವು ಬೇಕಾಗುವವು. ತೆಳುಪದರಿಗೆ ಬೆಳಕಿನಿಂದಲೇ ಗಟ್ಟಿಯಾಗುವ ಸಿಮೆಂಟು ಲೇಸು.

ಆ ವೈದ್ಯರು ಹಳೆಯ ಪದರನ್ನು ಅರೆದು ತೆಗೆದರು. ಅದನ್ನು ಬಿಡಿಸಿ ಮತ್ತೆ ಬಳಸುವದು ಆಗದ ಮಾತು. ಅನಂತರ ಹಲ್ಲಿನ ಒಳಗಡೆ ಔಷಧವನ್ನಿರಿಸಿ ಕಪ್ಪನ್ನು ತಿಳಿಗೊಳಿಸಿ, ಎರಡು ವಾರ ಕಾದರು. ಹೊಸ ಪದರು ಬಂದಾಗ ಕೂಡಲೇ ಅಂಟಿಸದೆ, ಸಿಮೆಂಟಿನ ಬಣ್ಣವನ್ನೇ ಹೋಲುವ, ನೀರಿನಿಂದ ತೊಳೆದುಹೋಗುವ ಲೇಪಗಳನ್ನು ಒಂದೊಂದಾಗಿ ಹಚ್ಚಿ ಪದರನ್ನು ಕೂಡಿಸಿ, ಮಗಳನ್ನು ಕಿಟಕಿಯ ಬೆಳಕಿಗೆ ಕರೆದು ಕನ್ನಡಿಯನ್ನು ಕೊಟ್ಟರು. ಮೂರನೆಯದನ್ನು ಅವಳೇ ಆರಿಸಿದಳು. ಈ ಕೆಲಸಕ್ಕೆ ಹಿಡಿದುದು ಹತ್ತು ನಿಮಿಷ.

ಆದುದರಿಂದ ಮನೆಯಲ್ಲಿ ಯಾರಿಗಾದರೂ ಮುಂದಿನ ಹಲ್ಲಿಗೆ ಪಿಂಗಾಣಿ ಕೂಡಿಸುವ ಪ್ರಸಂಗ ಬಂದರೆ ವಾಚಕರು ಮೂರು ಮಾತುಗಳನ್ನು ಸಂಕೋಚವಿಲ್ಲದೆ ಕೇಳಬೇಕು: ಅಡಿಯ ಹಲ್ಲಿನ ಬಣ್ಣವನ್ನು ನೋಡಿಕೊಂಡಿರುವಿರಾ? ಯಾವ ಬಣ್ಣದ ಸಿಮೆಂಟನ್ನು ಬಳಸುವಿರಿ? ಅಂಟಿಸುವ ಮೊದಲು ಹಗಲ ಬೆಳಕಿನಲ್ಲಿ ತೋರಿಸುವಿರಾ? ಬಲ್ಲ ವೈದ್ಯರು ಇದಕ್ಕೆ ಮುನಿಯರು. ಸಂದೇಹವುಳಿದರೆ ಧಾರವಾಡ, ದಾವಣಗೆರೆಗಳ ದಂತವೈದ್ಯ ಕಾಲೇಜುಗಳು ನಮ್ಮ ಸೀಮೆಗೆ ದೂರದವಲ್ಲ. ಅರೆದ ಹಲ್ಲು ಮರಳಿ ಬೆಳೆಯದೆಂಬುದು ನೆನಪಿರಲಿ.

ಬ್ಯಾಡಗಿ ಮೆಣಸಿನಕಾಯಿಯ ಹೆಸರು ಖಾರಕ್ಕಿಂತ ಬಣ್ಣದಿಂದ ಬಂದುದು. ಅದನ್ನು ಕೊಳ್ಳುವವನು ಚೀಲದ ಬಾಯಿ ಹೊಲಿದ ಮೇಲೆ ಬಣ್ಣವನ್ನು ನೋಡುವನೇ? ನಮ್ಮ ಮಗಳು ಮೊನ್ನೆ ಹಬ್ಬಕ್ಕೆ ಬಂದಿದ್ದಳು. ಊಟದ ಹೊತ್ತಿನಲ್ಲಿ ಯಾವದೋ ಮಾತಿಗೆ ಗಟ್ಟಿಯಾಗಿ ನಕ್ಕಳು. ಕೈ ಮಾತ್ರ ಎಲೆಯ ಮೇಲೆಯೇ ಇದ್ದಿತು.