ಓದಿ ಹೇಳಿ, ಆಮೇಲೆ ಸಹಿ ಕೇಳಿ



ನಮ್ಮ ಸುತ್ತಮುತ್ತಲ ಎಷ್ಟೋ ಸಣ್ಣ ಸಂಘಗಳಲ್ಲಿ ಒಂದು ರೂಢಿ ಇದೆ. ಸಭೆ ಮುಗಿಯುತ್ತಿದ್ದಂತೆ ನಡಾವಳಿ ಪುಸ್ತಕ ಕೈಯಿಂದ ಕೈಗೆ ಬರುತ್ತದೆ. "ಇಲ್ಲೊಂದು ಸಹಿ ಹಾಕಿ, ಬರೆಯೋದನ್ನ ಆಮೇಲೆ ಬರ್ಕೊಳ್ತೀವಿ" ಎನ್ನುತ್ತಾರೆ. ಪುಟ ಖಾಲಿ ಇರುತ್ತದೆ. ಬರೆಯುವವರು ನಮ್ಮವರೇ ಅಲ್ಲವೇ ಎಂದು ಎಲ್ಲರೂ ಸಹಿ ಹಾಕಿ ಎದ್ದು ಹೋಗುತ್ತಾರೆ. ಇದರಲ್ಲಿ ಕೆಟ್ಟ ಉದ್ದೇಶ ಇರಬೇಕಿಲ್ಲ. ಆದರೂ ಈ ರೂಢಿ ನಿಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ.

ಗಡಿಯಲ್ಲಿರುವ ನಮಗೆ ಇದು ಇನ್ನಷ್ಟು ಮುಖ್ಯ. ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್‌ಗೆ ಬಂದರೆ ರಾಜ್ಯ ಬದಲಾಗುತ್ತದೆ, ಬೋರ್ಡುಗಳ ಅಕ್ಷರ ಬದಲಾಗುತ್ತದೆ, ಮನೆಯ ಮಾತು ಮಾತ್ರ ಬದಲಾಗುವುದಿಲ್ಲ. ಸಭೆಯಲ್ಲಿ ಚರ್ಚೆ ಕನ್ನಡದಲ್ಲಿ, ಠರಾವು ತೆಲುಗಿನಲ್ಲಿ. ಬ್ಯಾಂಕಿಗೂ ಕಚೇರಿಗೂ ಹೋಗುವ ಕಾಗದ ತೆಲುಗಿನಲ್ಲಿ ಇರುವುದು ಸಹಜವೇ. ಆದರೆ ತೆಲುಗು ಮಾತು ಬಂದು ಅಕ್ಷರ ಬಾರದ ನಮ್ಮ ಅಮ್ಮಂದಿರು, ಅಜ್ಜಿಯರು ಯಾವುದಕ್ಕೆ ಒಪ್ಪಿದೆವು ಎಂದು ತಿಳಿಯದೆಯೇ ಸಹಿ ಹಾಕುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ಡ್ವಾಕ್ರಾ ಸಂಘದಲ್ಲಿ ಬ್ಯಾಂಕ್ ಸಾಲ ಕೊಡುವುದು ಗುಂಪಿಗೆ. ಒಬ್ಬರು ಕಟ್ಟದಿದ್ದರೆ ಹೊರೆ ಎಲ್ಲರ ಮೇಲೆ. ಅಲ್ಲಿ ಒಂದು ಸಹಿಯ ತೂಕ ಎಷ್ಟೆಂದು ಯೋಚಿಸಿ.

ಈ ಸಂಘಗಳ ಹಿಂದೆ ನಮ್ಮ ಕರ್ನಾಟಕದ್ದೇ ಒಂದು ಕಥೆ ಇದೆ. 1984-85ರ ಸುಮಾರಿಗೆ ಮೈರಾಡ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು ಮುರಿದುಬಿದ್ದವು. ಸಾಲ ಪಡೆದವರು ಹಣ ಹಿಂದಿರುಗಿಸಲು ಸಿದ್ಧರಿದ್ದರು, ಆದರೆ ಸಹಕಾರ ಸಂಘದ ಕೈಗೆ ಕೊಡಲು ಅಲ್ಲ. ಅದರ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲ. ಒಬ್ಬರನ್ನೊಬ್ಬರು ನಂಬುವವರು ಸಣ್ಣ ಗುಂಪುಗಳಾಗಿ ಕೂಡಿದರು. 1987ರಲ್ಲಿ ನಬಾರ್ಡ್ ಈ ಕೆಲಸಕ್ಕೆ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ನೋಂದಣಿಯೇ ಇಲ್ಲದ ಬಡವರ ಗುಂಪಿಗೂ ಬ್ಯಾಂಕ್ ಸಾಲ ಕೊಡಬಹುದು ಎಂದಾಯಿತು. ಅವರ ಕೈಯಲ್ಲಿ ಇದ್ದದ್ದು ತಪ್ಪದೆ ಸೇರುವ ಸಭೆ, ಉಳಿತಾಯ, ಮತ್ತು ಅದನ್ನು ಬರೆದಿಟ್ಟ ಪುಸ್ತಕ. ಇಂದಿಗೂ ಸ್ವಸಹಾಯ ಸಂಘಗಳ ಪಂಚಸೂತ್ರಗಳಲ್ಲಿ ಕೊನೆಯದು ಲೆಕ್ಕಪುಸ್ತಕಗಳನ್ನು ಸರಿಯಾಗಿ ಬರೆದಿಡುವುದೇ.

ಧರ್ಮಕೇಂದ್ರದ ಯುವಕೂಟಕ್ಕೂ ಸಾಮಾನ್ಯವಾಗಿ ನೋಂದಣಿ ಇರುವುದಿಲ್ಲ. ನಮಗೂ ಇರುವ ಸಾಕ್ಷಿ ಆ ಪುಸ್ತಕ ಒಂದೇ.

"ನಾವೇನು ಕಂಪನಿಯೇ? ದೇವರ ಕೆಲಸಕ್ಕೆ ಇಷ್ಟೆಲ್ಲ ಕಾಗದ ಯಾಕೆ?" ಎಂದು ಕೆಲವರು ಕೇಳುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ತೆರೆದು ನೋಡೋಣ. ಜೆರುಸಲೇಮಿನಲ್ಲಿ ಸಭೆ ಸೇರಿತು, ಬಿಸಿಬಿಸಿ ವಾದ ನಡೆಯಿತು, ತೀರ್ಮಾನವಾಯಿತು. ಅದನ್ನು ಪತ್ರವಾಗಿ ಬರೆದು, ನಂಬಿಕಸ್ಥರ ಕೈಯಲ್ಲಿ ಅಂತಿಯೋಕ್ಯಕ್ಕೆ ಕಳುಹಿಸಿದರು. ಅಲ್ಲಿ ಎಲ್ಲರನ್ನೂ ಸೇರಿಸಿ ಓದಿದರು. ಕೇಳಿದವರಿಗೆ ಸಂತೋಷವಾಯಿತು. ಬರೆಯುವುದು, ತಲುಪಿಸುವುದು, ಓದಿ ಹೇಳುವುದು, ಮೂರೂ ಅಲ್ಲೇ ಇವೆ.

ಹಾಗಾದರೆ ನಾವು ಏನು ಮಾಡಬಹುದು?

ಸಭೆಯ ದಿನ, ಸ್ಥಳ, ಅಧ್ಯಕ್ಷತೆ, ಹಾಜರಿದ್ದವರ ಹೆಸರು ಮೊದಲು ಬರೆಯೋಣ. ಹಾಜರಿ ಸಹಿ ಬೇರೆ, ನಿರ್ಣಯಕ್ಕೆ ಒಪ್ಪಿದ ಸಹಿ ಬೇರೆ. ಎರಡನ್ನೂ ಒಂದೇ ಜಾಗದಲ್ಲಿ ಬೆರೆಸುವುದು ಬೇಡ. ಪ್ರತಿ ನಿರ್ಣಯದ ಕೆಳಗೆ ಯಾರು ಮಾಡಬೇಕು, ಯಾವಾಗಿನೊಳಗೆ, ಎಷ್ಟು ಹಣದಲ್ಲಿ ಎಂದಿರಲಿ. ಒಪ್ಪದವರ ಮಾತೂ ಒಂದು ಸಾಲಿನಲ್ಲಿ ಇರಲಿ. ಪುಟಗಳಿಗೆ ಸಂಖ್ಯೆ ಹಾಕೋಣ. ತಪ್ಪಾದರೆ ವೈಟ್ನರ್ ಬಳಿಯದೆ, ಓದಲು ಬರುವಂತೆ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕೋಣ. ಕೊನೆಯಲ್ಲಿ ಖಾಲಿ ಜಾಗ ಉಳಿದರೆ ಅಡ್ಡಗೆರೆ ಎಳೆಯೋಣ.

ಬರೆದದ್ದನ್ನು ಎಲ್ಲರೂ ಏಳುವ ಮುಂಚೆಯೇ ಕನ್ನಡದಲ್ಲಿ ಓದಿ ಹೇಳಬೇಕು. ತೆಲುಗಿನಲ್ಲಿ ಪ್ರತಿ ಬೇಕಿದ್ದರೆ ಅದರ ಅರ್ಥವನ್ನೂ ಹೇಳಬೇಕು. ಮುಂದಿನ ಸಭೆಯ ಮೊದಲ ಕೆಲಸ ಹಿಂದಿನ ನಡಾವಳಿಯನ್ನು ಓದಿ, ತಿದ್ದುಪಡಿ ಇದ್ದರೆ ಬರೆದು, ಅಧ್ಯಕ್ಷರ ಸಹಿ ಪಡೆಯುವುದು. ಒಂದು ಪ್ರತಿ ಧರ್ಮಕೇಂದ್ರದ ಗುರುಗಳಿಗೆ ವಾರದೊಳಗೆ ತಲುಪಲಿ. ಪುಸ್ತಕ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿ ಅಲ್ಲ, ಧರ್ಮಕೇಂದ್ರದ ಕಚೇರಿಯಲ್ಲಿ ಇರಲಿ. ಕೇಳಿದ ಸದಸ್ಯರಿಗೆ ತೋರಿಸಲಿ.

ಇದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಬೇಕು. ಓದು ಬರಹ ಬಲ್ಲ ಯುವಕ ಯುವತಿಯರು ನಮ್ಮಲ್ಲಿ ಈಗ ಬೇಕಾದಷ್ಟು ಇದ್ದಾರೆ. ಎರಡು ಲಿಪಿಯೂ ಬಲ್ಲವರು ಇದ್ದಾರೆ. ಅವರಿಗೆ ಇದಕ್ಕಿಂತ ಒಳ್ಳೆಯ ಸೇವೆ ಯಾವುದಿದೆ? ಮುಂದಿನ ಸಭೆಯಲ್ಲಿ ಖಾಲಿ ಪುಟ ನಿಮ್ಮ ಮುಂದೆ ಬಂದರೆ ಜಗಳ ಮಾಡಬೇಡಿ. "ಅಣ್ಣ, ಮೊದಲು ಬರೆದು ಓದಿಬಿಡೋಣ, ಆಮೇಲೆ ಎಲ್ಲರೂ ಸಹಿ ಹಾಕ್ತೀವಿ" ಎಂದು ಪ್ರೀತಿಯಿಂದ ಹೇಳಿ, ಪೆನ್ನು ನೀವೇ ಕೈಗೆ ತೆಗೆದುಕೊಳ್ಳಿ.