ತೀರ್ಪಿನ ಉಲ್ಲೇಖವೂ ಪ್ರಬಂಧಕಾರರ ಔದಾಸೀನ್ಯವೂ

ಇತ್ತಿತ್ತಲಾಗಿ ಸಂಶೋಧನ ಪ್ರಬಂಧಗಳಲ್ಲಿ ನ್ಯಾಯಾಲಯದ ತೀರ್ಪುಗಳನ್ನು ಉದಾಹರಿಸುವ ರೀತಿಯು ವಿದ್ಯೆಗೆ ಭೂಷಣವಾದುದಲ್ಲ. "ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ ಹೇಳಿರುವಂತೆ" ಎಂದು ಬರೆದು ಮುಂದಕ್ಕೆ ನಡೆಯುವ ಪ್ರಬಂಧಕಾರನನ್ನು, ಹೇಳಿದವರಾರು, ಎಲ್ಲಿ ಹೇಳಿದರು ಎಂದು ಕೇಳಿದರೆ, ಹೆಸರೊಂದಿದ್ದರೆ ಸಾಲದೇ, ಅಂಕೆಗಳ ಗೊಡವೆ ವಕೀಲರಿಗಿರಲಿ ಎಂಬ ಉತ್ತರವು ಸಿದ್ಧವಾಗಿರುತ್ತದೆ.

ಹೆಸರು ಸಾಲದು. ಕಾಸರಗೋಡು ಸೀಮೆಯ ಎಡನೀರು ಮಠದ ಸ್ವಾಮಿಗಳು ಕೇರಳ ಸರ್ಕಾರದ ಮೇಲೆ ಹೂಡಿದ ಆ ವ್ಯಾಜ್ಯವನ್ನು ಹದಿಮೂರು ನ್ಯಾಯಮೂರ್ತಿಗಳು ಕೇಳಿ, 1973ನೆಯ ಏಪ್ರಿಲ್ 24ರಂದು ತೀರ್ಪಿತ್ತರು. ಅವರು ಬರೆದುದು ಒಂದು ತೀರ್ಪಲ್ಲ, ಹನ್ನೊಂದು. ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡಿಸಲಾಗದೆಂಬುದು ಏಳು ಮಂದಿಯ ನಿರ್ಣಯ; ಉಳಿದ ಆರು ಮಂದಿ ಅದನ್ನೊಪ್ಪಲಿಲ್ಲ. ಆ ಆರು ಮಂದಿಯಲ್ಲೊಬ್ಬರಾದ ನ್ಯಾಯಮೂರ್ತಿ ರೇ ಅವರ ವಾಕ್ಯವನ್ನೆತ್ತಿ ನ್ಯಾಯಾಲಯದ ಮತವೆಂದು ಸಾರುವುದು ಪೂರ್ವಪಕ್ಷವನ್ನು ಸಿದ್ಧಾಂತವೆಂದು ಒಪ್ಪಿಸಿದಂತೆ. ಹಿಂದಿನ ಪಾಠಶಾಲೆಯಲ್ಲಿ ಹಾಗೆ ಮಾಡಿದ ಹುಡುಗನಿಗೆ ಬೆತ್ತದ ರುಚಿ ತಿಳಿಯುತ್ತಿತ್ತು. ಈಗ ಪದವಿ ದೊರೆಯುತ್ತದೆ!

ಇನ್ನು ಅಂಕೆಗಳ ವಿಚಾರ. (1973) 4 ಎಸ್‌ಸಿಸಿ 225 ಎಂಬಲ್ಲಿ ವರ್ಷ, ಸಂಪುಟ, ತೀರ್ಪು ತೊಡಗುವ ಪುಟ ಇಷ್ಟೇ ಇವೆ. ತೀರ್ಪು ಅಲ್ಲಿಂದ ನೂರಾರು ಪುಟ ಹರಿಯುತ್ತದೆ. ಉದ್ಧರಿಸಿದ ಮಾತು ಯಾವ ನ್ಯಾಯಮೂರ್ತಿಯದು, ಎಷ್ಟನೆಯ ಪರಿಚ್ಛೇದದ್ದು ಎಂದು ಕಾಣಿಸದವನು ಊರನ್ನು ಹೇಳಿ ಮನೆಯನ್ನು ಮುಚ್ಚಿಟ್ಟಂತಾಯಿತು. ಕೆಲವರಂತೂ ತೀರ್ಪಿನ ನೆತ್ತಿಯ ಮೇಲಿನ ಸಾರಾಂಶವನ್ನೇ ಎತ್ತಿ ಬರೆಯುತ್ತಾರೆ. ಅದು ವರದಿಯ ಸಂಪಾದಕನ ಕೆಲಸ. ಟಿಪ್ಪಣಿಕಾರನ ಮಾತನ್ನು ಸೂತ್ರಕಾರನ ಬಾಯಲ್ಲಿಡುವುದು ಯಾವ ಶಾಸ್ತ್ರದಲ್ಲಿ ಸಮ್ಮತ? 1967ರ ಗೋಲಕನಾಥ ತೀರ್ಪನ್ನು ಇಂದಿಗೂ ಊರ್ಜಿತವೆಂಬಂತೆ ಉದಾಹರಿಸುವವರುಂಟು. ಅದನ್ನು ತಳ್ಳಿಹಾಕಿದುದು ಅವರೇ ಮುಂದಿನ ಸಾಲಿನಲ್ಲಿ ಹೊಗಳುವ ಕೇಶವಾನಂದ ತೀರ್ಪು!

ಅಂಕೆಯು ಬರಿಯ ಅಲಂಕಾರವಲ್ಲ, ಓದುಗನ ಕೈಗೆ ಕೊಟ್ಟ ಒರೆಗಲ್ಲು. ನ್ಯೂಯಾರ್ಕಿನಲ್ಲಿ 2023ರಲ್ಲಿ ಇಬ್ಬರು ವಕೀಲರು ಯಂತ್ರವು ಕಲ್ಪಿಸಿಕೊಟ್ಟ ತೀರ್ಪುಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿದರು. ಎದುರುಪಕ್ಷದವರು ಹುಡುಕಿದರು, ಆ ತೀರ್ಪುಗಳು ಎಲ್ಲಿಯೂ ಸಿಕ್ಕಲಿಲ್ಲ. 5,000 ಡಾಲರ್ ದಂಡ ಬಿದ್ದಿತು. ಬರಿಯ ಹೆಸರೇ ಸಾಕೆಂಬ ಪ್ರಬಂಧದಲ್ಲಿ ಇಂಥ ಕಪಟವನ್ನು ಹಿಡಿಯುವ ಬಗೆ ಯಾವುದು?

ವರದಿಯ ಸಂಪುಟಗಳು ದುಬಾರಿ ಎಂಬ ನೆಪವೂ ಈಗ ನಿಲ್ಲದು. 2023ರಿಂದ ಭಾರತದ ಸರ್ವೋಚ್ಚ ನ್ಯಾಯಾಲಯವೇ ತನ್ನ ವರದಿಗಳನ್ನು ಅಂತರ್ಜಾಲದಲ್ಲಿ ಕಾಸಿಲ್ಲದೆ ತೆರೆದಿಟ್ಟು, ಯಾವ ಪ್ರಕಾಶಕನ ಹಂಗೂ ಇಲ್ಲದ ಸ್ವಂತ ಸಂಖ್ಯೆಯನ್ನು ತೀರ್ಪುಗಳಿಗೆ ಕೊಡುತ್ತಿದೆ.