ಕಬ್ಬಿನ ಗಾಡಿ ಮತ್ತು ಗಸಗಸೆ ಕಾಳು

ಸೋಲಾಪುರ–ಅಕ್ಕಲಕೋಟೆ ಹಾದಿಯ ಕುಂಭಾರಿಯಲ್ಲಿಯೂ ಸದ್ದಿಲ್ಲದೆ ಓಡುವ ವಿದ್ಯುತ್ ಸ್ಕೂಟರು ಈಗ ಅಪರೂಪವಲ್ಲ. ಅದರ ಮೋಟರಿನೊಳಗೆ ಸಾಮಾನ್ಯವಾಗಿ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಬೆರೆತ ಅಯಸ್ಕಾಂತಗಳಿರುತ್ತವೆ. ಮೋಟರು ಎಷ್ಟೇ ಕಾದರೂ ಅಯಸ್ಕಾಂತವು ತನ್ನ ದಿಕ್ಕನ್ನು ಬಿಡಬಾರದು. ಅದಕ್ಕಾಗಿ ಡಿಸ್ಪ್ರೋಸಿಯಂ ಎಂಬ ವಿರಳ ಧಾತುವನ್ನು ಬೆರೆಸುವುದುಂಟು. 2025ರ ಏಪ್ರಿಲಿನಲ್ಲಿ ಚೀನವು ಇಂಥ ಧಾತುಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ತಯಾರಕರು ಚಿಂತೆಗೀಡಾದರು. ಅವಿಲ್ಲದೆ ಗಟ್ಟಿ ಅಯಸ್ಕಾಂತ ಸಾಧ್ಯವೇ? ವಿಜ್ಞಾನಿಗಳು ಉತ್ತರವನ್ನು ಕುಲುಮೆಯಲ್ಲಷ್ಟೇ ಅಲ್ಲ, ಗಣಕದಲ್ಲಿಯೂ ಅರಸುತ್ತಿದ್ದಾರೆ.

ಲೋಹದ ಹರಳಿನಲ್ಲಿ ಕಾಂತತ್ವಕ್ಕೆ ಎಲ್ಲ ದಿಕ್ಕುಗಳೂ ಸಮನಲ್ಲ. ಕಬ್ಬಿಣದಲ್ಲಿ ಅದು ಹರಳಿನ ಘನದ ಅಂಚಿನ ಗುಂಟ, ನಿಕಲ್‌ನಲ್ಲಿ ಮೂಲೆಯಿಂದ ಎದುರು ಮೂಲೆಗೆ ಹಾಯುವ ಕರ್ಣದ ಗುಂಟ ಸುಲಭವಾಗಿ ನೆಲೆಗೊಳ್ಳುತ್ತದೆ. ಎಲೆಕ್ಟ್ರಾನಿನ ಗಿರಕಿಗೂ ಪರಮಾಣುವಿನ ಸುತ್ತ ಅದರ ಚಲನೆಗೂ ಇರುವ ನಂಟೇ ಈ ದಿಕ್ಕುಭೇದದ ಮೂಲವೆಂದು 1937ರಲ್ಲಿ ವ್ಯಾನ್ ವ್ಲೆಕ್ ವಿವರಿಸಿದರು.

ಲೆಕ್ಕದ ಕ್ರಮ ಸರಳ: ಕಾಂತತ್ವವನ್ನು ಎರಡು ದಿಕ್ಕಿಗೆ ತಿರುಗಿಸಿ, ಎರಡರ ಶಕ್ತಿಯನ್ನೂ ಎಣಿಸಿ, ಒಂದರಿಂದ ಇನ್ನೊಂದನ್ನು ಕಳೆಯುವುದು. ಆದರೆ ಕಬ್ಬಿಣದ ಒಂದು ಪರಮಾಣುವಿನ ಒಟ್ಟು ಶಕ್ತಿ 34 ಸಾವಿರಕ್ಕೂ ಹೆಚ್ಚು ಎಲೆಕ್ಟ್ರಾನ್‌ವೋಲ್ಟ್. ಕಳೆದು ಉಳಿಯುವುದು ಒಂದು ಎಲೆಕ್ಟ್ರಾನ್‌ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಹತ್ತು ಟನ್ನಿನ ಕಬ್ಬಿನ ಗಾಡಿಯನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಒಂದು ಗಸಗಸೆ ಕಾಳನ್ನಿಟ್ಟು ತೂಗಿ, ಆ ಕಾಳಿನ ತೂಕವನ್ನು ಹೇಳಿದಂತೆ!

1990ರಲ್ಲಿ ಡಾಲ್ಡರೋಪ್, ಕೆಲ್ಲಿ, ಶೂರ್ಮನ್ಸ್ ಎಂಬವರು ಈ ಸಾಹಸ ಮಾಡಿದರು. ವ್ಯತ್ಯಾಸದ ಪ್ರಮಾಣ ಹೆಚ್ಚುಕಡಿಮೆ ಸರಿಯಾಗಿತ್ತು. ನಿಕಲ್‌ನ ದಿಕ್ಕು ಮಾತ್ರ ತಪ್ಪಿ ಬಂದಿತು. ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಸರಾಸರಿಯಲ್ಲಿ ಎಣಿಸಿದರೆ ಸಾಲದೆಂಬ ಅರಿವು ಮುಂದೆ ಬೆಳೆದದ್ದು ಇಂಥ ತಪ್ಪುಗಳಿಂದಲೇ.

2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡ ‘ಪರಮ ಪ್ರವೇಗ’ ಗಣಕದ ಸಾಮರ್ಥ್ಯ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕಗಳು. ಆದರೆ ವೇಗವೊಂದೇ ನಿಖರತೆಯಲ್ಲ. ಕಾಟಾ ಸರಿಯಿದೆಯೇ ಎಂದು ತಿಳಿಯಲು ಮೊದಲು ಗೊತ್ತಿರುವ ತೂಕದ ಕಲ್ಲನ್ನಿಡಬೇಕೆಂಬುದು ಕಬ್ಬು ಬೆಳೆದವನಿಗೆ ಹೇಳಿಕೊಡಬೇಕಾದ ಮಾತಲ್ಲ. ಹೊಸ ಅಯಸ್ಕಾಂತವನ್ನು ಅರಸುವ ಸಿದ್ಧಾಂತಕ್ಕೆ ನಿಕಲ್ ಅಂಥದೊಂದು ಕಲ್ಲು.